ಉಳಿದ ಆರು ಪಾಲು

ರಾಣೇಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಳವ್ವ ಪತ್ತಾರಳ ಗಡಿಯಾರದ ಅಂಗಡಿ ಇತ್ತು. ಗೋಡೆಯ ಮೇಲೆ ಹದಿನೆಂಟು ಗಡಿಯಾರಗಳು. ಹದಿನೇಳು ಒಂದೇ ಹೊತ್ತು ತೋರಿಸುತ್ತಿದ್ದವು. ಹದಿನೆಂಟನೆಯದು ಮಾತ್ರ ದಿನಕ್ಕೆ ಮೂವತ್ತೊಂಬತ್ತೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಹೊಸ ಗಿರಾಕಿಗಳು ಅದನ್ನು ಕಂಡು ನಗುತ್ತಿದ್ದರು.

"ಏನವಾ, ಮಂದಿ ಗಡಿಯಾರ ರಿಪೇರಿ ಮಾಡ್ತಿ, ನಿಂದ ಕೆಟ್ಟೈತಲ್ಲ."

ಕಾಳವ್ವ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಹೇಳುತ್ತಿದ್ದಳು: "ಕೆಟ್ಟಿಲ್ರಿ. ಅದು ನಮ್ಮ ಮಮ್ಮಗಳ ಊರಿನ ಹೊತ್ತು."

ಮೊಮ್ಮಗಳ ಊರು ಮಂಗಳ ಗ್ರಹ. ಅಲ್ಲಿನ ಒಂದು ಹಗಲು ರಾತ್ರಿ ನಮ್ಮದಕ್ಕಿಂತ ಅಷ್ಟು ಉದ್ದ. ಹಾವೇರಿ ಸೀಮೆಯ ಕಲ್ಲುನೆಲದಲ್ಲಿ ಬೋರ್‌ವೆಲ್ ಜಾಗ ಗುರುತಿಸುತ್ತಿದ್ದ ಮಗಳು ಪ್ರಮೀಳಾ, ಮಂಗಳದ ನೆಲದಡಿಯ ಹಿಮ ಕೊರೆಯುವ ತಂಡ ಸೇರಿ ಹೋಗಿ ಒಂಬತ್ತು ವರ್ಷವಾಗಿತ್ತು. ಅಲ್ಲಿನ ಹಸಿರುಮನೆಯಲ್ಲಿ ಬಾರ್ಲಿ ಬೆಳೆಯುತ್ತಿದ್ದ ಲಡಾಖಿನ ತ್ಸೆರಿಂಗನನ್ನು ಮದುವೆಯಾದಳು. ರೇವತಿ ಹುಟ್ಟಿದಳು. ಹುಟ್ಟಿದ ಸುದ್ದಿ ಬಂದ ವಾರವೇ ಕಾಳವ್ವ ಒಂದು ಹಳೆಯ ಕೀಲಿ ಗಡಿಯಾರ ಬಿಚ್ಚಿ, ಲೋಲಕವನ್ನು ತುಸು ಉದ್ದ ಮಾಡಿ, ಎರಡು ತಿಂಗಳು ಅಳೆದು ತಿದ್ದಿ ಅದನ್ನು ಮಂಗಳದ ಹೊತ್ತಿಗೆ ತಂದಿದ್ದಳು. ಗಂಡ ಬದುಕಿದ್ದಾಗ ಕಲಿಸಿದ ಕಸುಬು. ಅವನೇ ಇದ್ದಿದ್ದರೂ ಇದಕ್ಕಿಂತ ನಿಖರವಾಗಿ ಕೂಡಿಸುತ್ತಿರಲಿಲ್ಲ.

ಅಲ್ಲಿ ಹುಟ್ಟಿದ ಮಕ್ಕಳ ಮೂಳೆಗಳು ಅಲ್ಲಿನ ಹಗುರ ತೂಕಕ್ಕೆ ಒಗ್ಗಿರುತ್ತವೆ. ಭೂಮಿಗೆ ಬಂದರೆ ನಿಲ್ಲಲೂ ಆಗದು. ಕಾಳವ್ವನ ಹೃದಯ ರಾಕೆಟ್ಟಿನ ಒತ್ತಡ ತಡೆಯದು. ಇವೆರಡನ್ನೂ ಡಾಕ್ಟರರು ಬೇರೆಬೇರೆ ದಿನ ಹೇಳಿದ್ದರು. ಎರಡನ್ನೂ ಕೂಡಿಸಿ ನೋಡುವ ಕೆಲಸವನ್ನು ಕಾಳವ್ವ ಒಬ್ಬಳೇ ಕುಳಿತು ಮಾಡಿದ್ದಳು. ಉತ್ತರ ಒಂದೇ ಇತ್ತು: ಈ ಜನ್ಮದಲ್ಲಿ ಆ ಕೂಸನ್ನು ಎತ್ತಿಕೊಳ್ಳುವುದು ಇಲ್ಲ.

ಇಂಥವಳು ಅವಳೊಬ್ಬಳೇ ಅಲ್ಲ. ಆ ಕಾಲಕ್ಕೆ ಮಂಗಳದಲ್ಲಿ ಹುಟ್ಟಿದ ಮಕ್ಕಳು ಮುನ್ನೂರು. ಅವರ ದಾರಿ ನೋಡುತ್ತ ಭೂಮಿಯ ಮೇಲೆ ಕುಳಿತ ಅಜ್ಜ ಅಜ್ಜಿಯರು ಸಾವಿರದ ಹತ್ತಿರ. ಒಬ್ಬೊಬ್ಬರು ಒಂದೊಂದು ಉಪಾಯ ಮಾಡಿಕೊಂಡಿದ್ದರು. ಹರಿಹರದ ಒಬ್ಬ ಮುದುಕ ಮೊಮ್ಮಗನ ಅಳತೆಗೆ ವರ್ಷಕ್ಕೊಂದು ಅಂಗಿ ಹೊಲಿಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದನಂತೆ. ಕಾಳವ್ವನ ಉಪಾಯ ಗಡಿಯಾರ. ಪಾತ್ರೆ ತೊಳೆಯುತ್ತ ತಲೆಯೆತ್ತಿ ನೋಡಿದರೆ, ಈಗ ರೇವತಿ ಏಳುತ್ತಾಳೆ, ಈಗ ಉಣ್ಣುತ್ತಾಳೆ ಎಂದು ತಿಳಿಯುತ್ತಿತ್ತು. ಅಷ್ಟು ತಿಳಿದರೆ ಕೈಯಲ್ಲಿನ ಪಾತ್ರೆ ಹಗುರಾಗುತ್ತಿತ್ತು.

ಮಾತು ಮಾತ್ರ ಕಷ್ಟವಿತ್ತು. ಬೆಳಕಿಗಿಂತ ವೇಗವಾಗಿ ಹೋಗುವಂಥದ್ದು ಯಾವುದೂ ಇಲ್ಲ, ಆ ಬೆಳಕಿಗೇ ಮಂಗಳ ಮುಟ್ಟಲು ಮೂರು ನಿಮಿಷದಿಂದ ಇಪ್ಪತ್ತೆರಡು ನಿಮಿಷ ಬೇಕು. ಒಂದು ಮಾತು ಕಳಿಸುವುದು, ಅದು ಹೋಗುವತನಕ ಕಾಯುವುದು, ಉತ್ತರ ಬರುವತನಕ ಮತ್ತೆ ಕಾಯುವುದು. ಅಷ್ಟರಲ್ಲಿ ಕಾಳವ್ವ ಒಂದು ಕೈಗಡಿಯಾರ ತೊಳೆದು ಎಣ್ಣೆ ಹಾಕಿ ಮುಗಿಸುತ್ತಿದ್ದಳು. ಉತ್ತರ ಬಂದರೂ ಒಮ್ಮೆಲೆ ಮಾತಾಡುವವಳಲ್ಲ. ಪರದೆಯ ಮುಂದೆ ಸುಮ್ಮನೆ ಕುಳಿತು, "ತಡಿ, ಹೇಳ್ತೀನಿ" ಎಂದು ಯೋಚಿಸಿ, ಆಮೇಲೆ ಬಾಯಿ ತೆಗೆಯುವಳು. ರೇವತಿ ಕಲಿತ ಮೊದಲ ಕನ್ನಡ ಮಾತೇ "ತಡಿ". ಎರಡನೆಯದು "ಆಯಿ". ಪ್ರಮೀಳಾ ಚಿಕ್ಕವಳಿದ್ದಾಗ ತನ್ನ ಅಜ್ಜಿಯನ್ನು ಕರೆಯುತ್ತಿದ್ದುದೂ ಹಾಗೆಯೇ.

ರೇವತಿಗೆ ನಾಲ್ಕು ತುಂಬಿ ಕೆಲವು ತಿಂಗಳಾದ ಮೇಲೆ ಸೇತು ಬಂತು.

*

ಸೇತು ಎಂದರೆ ಒಂದು ಪೆಟ್ಟಿಗೆ, ಒಂದು ದೊಡ್ಡ ಪರದೆ. ಧಾರವಾಡದ ಗ್ರಹಾಂತರ ಸಂಪರ್ಕ ಕೇಂದ್ರದವರು ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಡಿಸಿದರು. "ಅಜ್ಜಿ, ಇನ್ನ ಕಾಯೂದು ಇಲ್ಲ" ಎಂದು ಹೇಳಿ ಮೂರು ಕಡೆ ಸಹಿ ಮಾಡಿಸಿಕೊಂಡು ಹೋದರು.

ಖರೆಯೇ, ಕಾಯುವುದು ಇರಲಿಲ್ಲ. ಸಂಜೆ ಐದಕ್ಕೆ ಪರದೆ ಹಚ್ಚಿದರೆ ರೇವತಿ ಎದುರಿಗೇ ಇರುತ್ತಿದ್ದಳು. ತಾಯಿಯ ಹುಬ್ಬು, ತಂದೆಯ ಕೆಂಪು ಗಲ್ಲ, ಕೆಂಪು ಧೂಳು ಮೆತ್ತಿದ ಉಗುರು. ಕಾಳವ್ವ ಕೇಳಿದರೆ ಆ ಕ್ಷಣವೇ ಉತ್ತರ. ಕಾಳವ್ವ ನಕ್ಕರೆ ಜೊತೆಗೇ ನಗು. ಕಥೆ ಹೇಳುತ್ತ ಸಿಂಹದ ಹಾಗೆ ಗುರ್ರೆಂದರೆ ಕೂಸು ಬೆಚ್ಚಿ ಹಿಂದೆ ಸರಿಯುತ್ತಿತ್ತು. ಮುಂದಿನ ಒಂದು ವರ್ಷ ಎರಡು ತಿಂಗಳು ಕಾಳವ್ವ ನೆಲದ ಮೇಲೆ ನಡೆಯಲಿಲ್ಲ. ಗಿರಾಕಿಯ ಗಡಿಯಾರದ ಟಿಕ್‌ಟಿಕ್ಕಿನೊಳಗೆ ಆ ದನಿ ಕೇಳುತ್ತಿತ್ತು. ಮಧ್ಯಾಹ್ನ ಕಣ್ಣು ಅಂಟಿದರೆ ಕೆಂಪು ಬಯಲು, ಮಸುಕು ಗುಲಾಬಿ ಆಕಾಶ. ಆ ಬಯಲಿನಲ್ಲಿ ತಾನು ಬರಿಗಾಲಲ್ಲಿ ನಡೆದ ಹಾಗೆ, ಒಂದು ಹೆಜ್ಜೆ ಇಟ್ಟರೆ ಮೂರು ಹೆಜ್ಜೆ ತೇಲಿದ ಹಾಗೆ, ಮುಂದೆ ಓಡುವ ಕೂಸಿನ ಬೆನ್ನು ಇನ್ನೇನು ಕೈಗೆ ಸಿಗುವ ಹಾಗೆ ಕನಸು ಬೀಳುತ್ತಿತ್ತು.

ಒಂದು ಸಲ ಕೇಳಿದ್ದುಂಟು. ಹದಿನೆಂಟನೆಯ ಗಡಿಯಾರದಲ್ಲಿ ಆಗ ರಾತ್ರಿ ಎರಡು ಗಂಟೆ. "ಅಲ್ಲಿ ಈಗ ನಡುರಾತ್ರಿ ಅಲ್ಲೇನು ಬಾಳಾ? ಮಲಗಿಲ್ಲೇನು?"

"ನಿದ್ದಿ ಬರ್ಲಿಲ್ಲ ಆಯಿ. ನೀ ನೆನಪಾದಿ" ಎಂದಿದ್ದಳು ರೇವತಿ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಐದು ಗಂಟೆ ಅಲ್ಲಿ ಯಾವ ಹೊತ್ತಿಗಾದರೂ ಬೀಳಲಿ, ಕೂಸು ತಲೆ ಬಾಚಿಕೊಂಡು ಕುಳಿತಿರುತ್ತಿತ್ತು. ಗಡಿಯಾರದ ಕಸುಬಿನವಳಿಗೆ ಸಂಶಯ ಬರಲು ಅಷ್ಟು ಸಾಕಿತ್ತು. ಆದರೆ ಕಾಳವ್ವ ಮತ್ತೆ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯ ಎಲ್ಲೋ ಒಳಗೆ ಇತ್ತು. ಬದಲಿಗೆ ಆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಬಿಟ್ಟಳು. ಎಂಟು ದಿನಕ್ಕೆ ಅದು ನಿಂತಿತು. ಗೋಡೆಯ ಮೇಲೆ ಹದಿನೇಳು ನಡೆಯುತ್ತಿದ್ದವು, ಒಂದು ಸುಮ್ಮನಿತ್ತು. ಅದರ ಕಡೆ ನೋಡದೆ ಇರಲು ಅವಳು ಕಲಿತಳು.

ಶ್ರಾವಣದ ಒಂದು ಬೆಳಿಗ್ಗೆ ಪುರೋಹಿತ ಗಂಗಾಧರಾಚಾರರು ಕೈಗಡಿಯಾರದ ಗಾಜು ಹಾಕಿಸಲು ಬಂದರು. ಬಗಲಲ್ಲಿ ಪಂಚಾಂಗ. ಗಾಜು ಕೂಡ್ರಿಸುವತನಕ ಮಾತಾಡಬೇಕಲ್ಲ, ಯಾರದೋ ಮನೆಯ ಮುಹೂರ್ತದ ಮಾತು ತೆಗೆದರು. ಮಾತಿನ ನಡುವೆ ನೆನಪಾದವರಂತೆ ಪಂಚಾಂಗ ಬಿಚ್ಚಿದರು.

"ನಿಮ್ಮ ಮಮ್ಮಗಳು ಇರೂದು ಕುಜನ ಮ್ಯಾಲಲ್ಲೇನವಾ? ಅವ ಈಗ ಸೂರ್ಯನ ಬೆನ್ನ ಹಿಂದ ಹೊಕ್ಕಾನ ನೋಡು. ರವಿ, ಕುಜ ಇಬ್ಬರೂ ಒಂದೇ ಅಂಶದಾಗ ಅದಾರ. ಇನ್ನೊಂದು ವಾರ ಹತ್ತು ದಿನ ಅವಂದೇನೂ ಸುದ್ದಿ ಇಲ್ಲ."

ಕಾಳವ್ವನ ಕೈಯಲ್ಲಿನ ಚಿಮಟ ನಿಂತಿತು.

ಅವಳಿಗೆ ಇದು ಹೊಸ ಸುದ್ದಿಯಲ್ಲ. ಎರಡು ವರ್ಷ ಎರಡು ತಿಂಗಳಿಗೊಮ್ಮೆ ಭೂಮಿಗೂ ಮಂಗಳಕ್ಕೂ ನಡುವೆ ಸೂರ್ಯ ಬಂದು ನಿಲ್ಲುತ್ತಾನೆ. ಆಗ ಎರಡು ವಾರ ಯಾವ ಸಂಕೇತವೂ ದಾಟುವುದಿಲ್ಲ. ಬಳಸಿಕೊಂಡು ಹೋಗುವ ಉಪಗ್ರಹದ ದಾರಿ ಇನ್ನೂ ಕಾಗದದ ಮೇಲೇ ಇತ್ತು. ರೇವತಿ ಹುಟ್ಟಿದ ಮೇಲೆ ಅಂಥ ಎರಡು ಪಕ್ಷಗಳನ್ನು ಅವಳು ಹಲ್ಲು ಕಚ್ಚಿ ಕಳೆದಿದ್ದಳು. ಈ ಸಲ ಮರೆತೇ ಹೋಗಿತ್ತು. ಮರೆಯಲು ಕಾರಣವೂ ಇತ್ತು. ಮಾತು ಒಂದು ದಿನವೂ ನಿಂತಿರಲಿಲ್ಲ. ನಿನ್ನೆ ಸಂಜೆ ರೇವತಿ ಒಂದು ಹಾಡು ಹೇಳಿದ್ದಳು.

"ಆಚಾರ್ರ," ಎಂದಳು ಕಾಳವ್ವ, "ಪಂಚಾಂಗ ತಪ್ಪಿರಬಹುದೇನು?"

"ನಂದು ತಪ್ಪೀತು. ಸೂರ್ಯಂದು ತಪ್ಪಂಗಿಲ್ಲ" ಎಂದರು ಅವರು.

ಆ ಸಂಜೆ ಐದಕ್ಕೆ ಪರದೆಯಲ್ಲಿ ಎಂದಿನಂತೆ ರೇವತಿ ಇದ್ದಳು. ಕಾಳವ್ವ ಏನೂ ಪರೀಕ್ಷೆ ಮಾಡಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿ, ಕೆಟ್ಟ ಗಡಿಯಾರವನ್ನು ಕಿವಿಗೆ ಹಿಡಿದು ಕೇಳುವ ಹಾಗೆ ಕೇಳಿದಳು. ಕೂಸು ನಕ್ಕಿತು. ಸ್ವಲ್ಪ ಹೊತ್ತಿಗೆ ಮತ್ತೆ ನಕ್ಕಿತು. ಏರು ಅದೇ, ಇಳಿತ ಅದೇ, ಕೊನೆಗೆ ಉಸಿರು ಎಳೆದುಕೊಳ್ಳುವ ಜಾಗವೂ ಅದೇ. ಹೊಸ ಗಡಿಯಾರದ ಟಿಕ್ಕಿನಂತೆ ಒಂದರ ಪಡಿಯಚ್ಚು ಇನ್ನೊಂದು.

ಮರುದಿನ ಅಂಗಡಿಗೆ ಬೀಗ ಹಾಕಿ ಅವಳು ಧಾರವಾಡದ ಬಸ್ಸು ಹತ್ತಿದಳು.

*

ಸಂಪರ್ಕ ಕೇಂದ್ರದ ನಿಯಂತ್ರಣ ಕೋಣೆ ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಗೋಡೆಯ ತುಂಬ ಒಂದು ಪರದೆ, ಅದರ ನಡುವೆ ಕಿತ್ತಳೆ ಬಣ್ಣದ ದೊಡ್ಡ ಸೂರ್ಯ. ಅವನ ಈ ಬದಿಗೆ ನೀಲಿ ಚುಕ್ಕೆ, ಆ ಬದಿಗೆ ಕೆಂಪು ಚುಕ್ಕೆ. ಎರಡನ್ನೂ ಜೋಡಿಸಬೇಕಾದ ಗೆರೆ ಸೂರ್ಯನ ಅಂಚಿಗೆ ಬಂದು ತುಂಡಾಗಿತ್ತು. ಕೆಲಸವಿಲ್ಲದೆ ಇಬ್ಬರು ಗಿರ್ಮಿಟ್ ತಿನ್ನುತ್ತ ಕುಳಿತಿದ್ದರು. ಪಾಳಿಯ ಮುಖ್ಯಸ್ಥೆ ಫರ್ಜಾನಾ ಕಿತ್ತೂರ, ಐವತ್ತರ ಹೆಂಗಸು, ಕಾಳವ್ವನನ್ನು ತನ್ನ ಪಕ್ಕ ಕೂಡಿಸಿಕೊಂಡಳು.

"ನಿನ್ನಿ ನಮ್ಮ ಕೂಸು ಮಾತಾಡಿತ್ರಿ," ಎಂದಳು ಕಾಳವ್ವ. "ನೀವು ನೋಡಿದ್ರ ಗೆರಿ ಕಡದೈತಿ. ಮಾತಾಡಿದ್ದು ಯಾರು?"

ಫರ್ಜಾನಾ ಸುತ್ತಿ ಬಳಸಿ ಹೇಳುವವಳಲ್ಲ. "ಅದು ನೆರಳ್ರಿ ಅಮ್ಮ" ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಹಳೆಯ ಮಾತುಗಳನ್ನೆಲ್ಲ ಕೇಳಿ ಸೇತು ಒಬ್ಬೊಬ್ಬರದೂ ಒಂದು ನೆರಳು ಕಟ್ಟುತ್ತದೆ. ರೇವತಿಯ ನೆರಳು ರಾಣೇಬೆನ್ನೂರಿನ ಪೆಟ್ಟಿಗೆಯಲ್ಲಿ, ಕಾಳವ್ವನ ನೆರಳು ಮಂಗಳದ ಪೆಟ್ಟಿಗೆಯಲ್ಲಿ. ಇಲ್ಲಿ ಕಾಳವ್ವ ನೆರಳಿನ ಜೊತೆ ಮಾತಾಡುತ್ತಾಳೆ, ಅಲ್ಲಿ ರೇವತಿ ನೆರಳಿನ ಜೊತೆ. ನಿಜವಾದ ಮಾತು ಆಮೇಲೆ ಬಂದು ಮುಟ್ಟುತ್ತದೆ. ಆಗ ಹೊಸ ಸುದ್ದಿಯಿದ್ದರೆ ನೆರಳಿಗೆ ಸೇರಿಸಿ, ತಪ್ಪಿದ್ದರೆ ತಿದ್ದುತ್ತಾರೆ.

"ಅಂದ್ರ ಸುಳ್ಳು."

"ಊಹಾ ಅಂತೀವಿ ನಾವು. ನೂರರಾಗ ತೊಂಬತ್ನಾಕು ಪಾಲು ಖರೇ ಇರ್ತದ. ಸಹಿ ಮಾಡಿದ ಕಾಗದದಾಗ ಎಲ್ಲಾ ಬರದೈತ್ರಿ. ಖರೇ ಹೇಳ್ಬೇಕಂದ್ರ ಯಾರೂ ಓದಂಗಿಲ್ಲ. ಓದಿದವ್ರು ಸುದ್ದಿ ತಗ್ಯಂಗಿಲ್ಲ." ಫರ್ಜಾನಾ ಕುರ್ಚಿ ಹತ್ತಿರ ಸರಿಸಿಕೊಂಡು ಹೇಳಿದಳು, "ಇದು ಬರೂಕಿಂತ ಮೊದ್ಲು ಕಾದು ಕಾದು ಊಟಾ ಬಿಟ್ಟವರನ್ನ ನಾ ನೋಡೇನಿ. ಸೇತು ಬಂದ ಮ್ಯಾಲೆ ಅವರ ಮಾರಿ ಮ್ಯಾಲೆ ಕಳಿ ಬಂತು. ಅದನ್ನೂ ನೋಡೇನಿ."

ಕಾಳವ್ವ ಆ ಕಡಿದ ಗೆರೆಯನ್ನೇ ನೋಡುತ್ತ ಕುಳಿತಳು. ಫರ್ಜಾನಾ ಹೇಳಿದ್ದು ಸುಳ್ಳಲ್ಲ. ತನ್ನ ಮುಖದ ಮೇಲೂ ಕಳೆ ಬಂದಿತ್ತು.

"ಉಳಿದ ಆರು ಪಾಲು ಎಲ್ಲಿ ಹೋಗ್ತಾವ್ರಿ?" ಎಂದು ಕೇಳಿದಳು.

"ಯಾವ ಆರು?"

"ತೊಂಬತ್ನಾಕು ಹೊಂದ್ತಾವ ಅಂದ್ರಿ. ಹೊಂದಲಾರದ್ದು ಆರು ಇರ್ತಾವಲ್ಲ."

ಫರ್ಜಾನಾ ಅವಳ ಮುಖ ನೋಡಿದಳು. ಹದಿನಾಲ್ಕು ತಿಂಗಳಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಊಹೆಗೆ ನಿಲುಕದ ತುಣುಕುಗಳನ್ನು ಉಳಿಕೆ ಎಂಬ ಹೆಸರಿನಲ್ಲಿ ಒಂದು ಕಡೆ ತುಂಬಿಡುತ್ತಿದ್ದರು. ನೋಡುವ ಹಕ್ಕು ಮನೆಯವರಿಗೆ ಇತ್ತು. "ಚಲೋ ಇರಂಗಿಲ್ಲರಿ ಅದು," ಎಂದಳು. "ಹೊಂದಲಾರದ್ದಂದ್ರ ಅತ್ತದ್ದು, ಸಿಟ್ಟಾದದ್ದು, ಅಂಥಾವ ಇರ್ತಾವ."

"ನಮ್ಮ ಕೂಸಿನದು ತಗದು ಕೊಡ್ರಿ."

ಪಕ್ಕದ ಸಣ್ಣ ಕೋಣೆಯಲ್ಲಿ ಕಾಳವ್ವ ಕುಳಿತಳು. ದೀಪ ಆರಿಸಿದರು. ಮೊದಲ ತುಣುಕಿನಲ್ಲಿ ರೇವತಿ ಏನೋ ಹೇಳಲು ಹೋಗಿ ನಿಂತಳು. ತುಟಿ ನಡುಗಿತು. "ಆ... ಆಯಿ, ನಾ... ನಾ ಇವತ್ತ..." ಕೂಸಿಗೆ ಮಾತು ತಡವರಿಸುತ್ತಿತ್ತು. ಎರಡನೆಯ ತುಣುಕಿನಲ್ಲೂ, ಐದನೆಯದರಲ್ಲೂ. ಕಾಳವ್ವ ಕೇಳುತ್ತ ಬಂದ ರೇವತಿ ಒಂದು ದಿನವೂ ತಡವರಿಸಿರಲಿಲ್ಲ. ಅಡಚಣೆ ಎಂದು ತಿಳಿದು ಸೇತು ಅದನ್ನು ಒರೆಸಿ ನುಣ್ಣಗೆ ಮಾಡಿತ್ತು. ಒಂದು ತುಣುಕಿನಲ್ಲಿ ಕೂಸು ಮುಖ ಊದಿಸಿಕೊಂಡು ಆರು ನಿಮಿಷ ಮಾತೇ ಆಡಲಿಲ್ಲ. ಒಂದರಲ್ಲಿ ಮೂಗಿನೊಳಗೆ ಬೆರಳು ಹಾಕಿತು. ಇನ್ನೊಂದರಲ್ಲಿ ಯಾವ ಕಾರಣವೂ ಇಲ್ಲದೆ ತಲೆಯ ಮೇಲೆ ಬಟ್ಟಲು ಕವುಚಿಕೊಂಡು ಕುಳಿತಿತ್ತು. ಕಾಳವ್ವನಿಗೆ ಕಣ್ಣೀರು ಬಂತು. ನಗುವೂ ಬಂತು. ಇದೆಲ್ಲ ಅವಳ ಪಾಲಿನದು. ಯಾರೋ ತೆಗೆದು ಕತ್ತಲಲ್ಲಿ ಇಟ್ಟಿದ್ದರು.

ಆಮೇಲೆ ಆ ತುಣುಕು ಬಂತು. ರೇವತಿ ಪರದೆಯ ಹತ್ತಿರ ಬಂದು ದಿಟ್ಟಿಸಿ ನೋಡುತ್ತಿದ್ದಳು.

"ಆಯಿ, ನೀ ಯಾಕ ತ... ತಡಿ ಅನ್ನಂಗಿಲ್ಲ?"

ಉತ್ತರ ಬಂದದ್ದು ಕಾಳವ್ವನದೇ ದನಿಯಲ್ಲಿ, ಸಕ್ಕರೆಯ ಹಾಗೆ, ಅರೆಕ್ಷಣವೂ ತಡವಿಲ್ಲದೆ: "ನಿನ್ನ ಕೂಡ ಮಾತಾಡಾಕ ತಡಾ ಯಾಕ ನನ ಬಾಳಾ?"

ಕೂಸು ಬಹಳ ಹೊತ್ತು ನೋಡಿತು. "ನೀ ನಮ್ಮ ಆಯಿ ಅಲ್ಲ" ಎಂದಿತು. ಈ ಮಾತು ತಡವರಿಸಲಿಲ್ಲ. ಎದ್ದು ಹೋಗಿ ಒಂದು ಟವೆಲ್ ತಂದು ಪರದೆಯ ಮೇಲೆ ಹಾಕಿತು.

ಅದರ ಮುಂದಿನ ತುಣುಕುಗಳಲ್ಲಿ ಟವೆಲಿನ ಸಂದಿಯಿಂದ ಕಾಣುವ ಒಂದು ಖಾಲಿ ಕುರ್ಚಿ ಮಾತ್ರ ಇತ್ತು. ದಿನವೂ ಅದೇ ಕುರ್ಚಿ. ದಿನವೂ ಕಾಳವ್ವನ ದನಿ ಆ ಕುರ್ಚಿಗೆ ಕಥೆ ಹೇಳುತ್ತಿತ್ತು, ಉಂಡ್ಯಾ ಎಂದು ಕೇಳುತ್ತಿತ್ತು, ಸಿಂಹದ ಹಾಗೆ ಗುರ್ರೆನ್ನುತ್ತಿತ್ತು. ಸಂಕೇತ ಕಡಿಯುವ ಹೊತ್ತಿಗೆ ಹೀಗೆ ನಲವತ್ತೊಂದು ದಿನವಾಗಿತ್ತು. ಆ ನಲವತ್ತೊಂದು ದಿನವೂ ರಾಣೇಬೆನ್ನೂರಿನಲ್ಲಿ ರೇವತಿಯ ನೆರಳು ನಗುನಗುತ್ತ ಹಾಡಿತ್ತು.

ಕೊನೆಯಲ್ಲಿ ಪ್ರಮೀಳಾಳ ಒಂದು ಮಾತಿತ್ತು. "ಅವ್ವಾ, ಕೂಸು ಸೇತುವಿನ ಮುಂದ ಕುಂದ್ರಾಕ ಒಲ್ಲೆ ಅಂತಾಳ. ನಿನಗ ಹೆಂಗ ಹೇಳ್ಲಿ?" ಹೇಳಿಯೇ ಇದ್ದಳು ಮಗಳು. ಅದು ಧಾರವಾಡ ದಾಟಿ ರಾಣೇಬೆನ್ನೂರಿಗೆ ಬಂದಿರಲಿಲ್ಲ.

ಹೊರಗೆ ಬಂದಾಗ ಫರ್ಜಾನಾ ಚಹಾ ಹಿಡಿದು ನಿಂತಿದ್ದಳು. ಅವಳೂ ಹೊರಗಿನ ಪರದೆಯಲ್ಲಿ ನೋಡಿದ್ದಳು ಎಂದು ಕಾಣುತ್ತದೆ. "ನೋವಾಗೂವಂಥಾ ಸುದ್ದಿ ನಿಧಾನಕ್ಕ ಸೇರಸ್ಬೇಕು ಅಂತ ನಿಯಮ ಐತ್ರಿ," ಎಂದಳು. "ನಿಧಾನ ಅಂದ್ರ ಎಷ್ಟು ಅಂತ ಯಾರೂ ಬರದಿಲ್ಲ."

"ಪೆಟ್ಟಿಗಿ ತಗದುಬಿಡ್ರಿ," ಎಂದಳು ಕಾಳವ್ವ. "ಎರಡೂ ಕಡೆ."

"ಅಮ್ಮ, ಈಗ ಮಂಗಳ ಎಲ್ಲಕ್ಕಿಂತ ದೂರ ಐತಿ. ಹೋಗಾಕ ಇಪ್ಪತ್ತೆರಡು ನಿಮಿಷ, ಬರಾಕ ಇಪ್ಪತ್ತೆರಡು. ಆರು ವರ್ಷದ ಕೂಸು ಅಷ್ಟೊತ್ತು ಕಾಯಂಗಿಲ್ಲ. ಅದೂ ಸಿಟ್ಟಾದ ಕೂಸು. ನೆರಳೂ ಇಲ್ಲ, ಕೂಸೂ ಇಲ್ಲ ಅನ್ನೂವಂಗಾದ್ರ?"

ಕಾಳವ್ವ ಚಹಾ ಕುಡಿದು ಮುಗಿಸಿದಳು. "ಆದ್ರ ಆಗ್ಲಿ" ಎಂದಳು. ಬಟ್ಟಲು ಕೆಳಗಿಟ್ಟು ಎದ್ದಳು.

*

ಪೆಟ್ಟಿಗೆ ತೆಗೆಯುವವರು ಬರಲು ಇನ್ನೂ ಎರಡು ದಿನವಿತ್ತು. ಮೊದಲ ದಿನ ಕಾಳವ್ವ ಪರದೆ ಹಚ್ಚಲಿಲ್ಲ. ಎರಡನೆಯ ದಿನ ಐದು ಗಂಟೆಗೆ ಕೈ ತಾನಾಗಿಯೇ ಹೋಯಿತು.

ರೇವತಿಯ ನೆರಳು ತಲೆ ಬಾಚಿಕೊಂಡು ಕುಳಿತಿತ್ತು. "ನಿನ್ನಿ ಬರ್ಲೇ ಇಲ್ಲ ಆಯಿ."

ಕಾಳವ್ವ ಮಣೆ ಎಳೆದುಕೊಂಡು ಕುಳಿತಳು. ಇದು ಕೂಸಲ್ಲ ಎಂದು ಗೊತ್ತು. ಆದರೂ ಹದಿನಾಲ್ಕು ತಿಂಗಳು ಇದರ ಮುಂದೆಯೇ ನಕ್ಕಿದ್ದಳು, ಇದಕ್ಕೇ ಜ್ವರ ಬಂದ ಸುದ್ದಿ ಹೇಳಿದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದು ಕೋಣೆಯೆಲ್ಲ ಕೆಂಪಗಿತ್ತು. ಯಾವ ಗ್ರಹದಲ್ಲಿ ಕುಳಿತಿದ್ದೇನೆ ಎಂದು ಒಂದು ಗಳಿಗೆ ತಿಳಿಯದಾಯಿತು. ಪರದೆಯಾಚೆಯ ಕೆಂಪು, ಈಚೆಯ ಕೆಂಪು ಒಂದರಲ್ಲೊಂದು ಕಲೆತಿದ್ದವು.

"ಒಂದು ಹಾಡು ಹೇಳು" ಎಂದಳು. ಅದು ಹೇಳಿತು. ಕಾಳವ್ವ ಪೂರಾ ಕೇಳಿದಳು. ಚೆನ್ನಾಗಿಯೇ ಹಾಡುತ್ತಿತ್ತು.

"ನಾಳಿ ಬರ್ತಿ ಹೌದಲ್ಲ ಆಯಿ?"

ಹೌದು ಎನ್ನುವುದು ಸುಲಭವಿತ್ತು. "ಇಲ್ಲವ್ವ," ಎಂದಳು ಕಾಳವ್ವ. "ನಾ ಇನ್ನ ಬರಂಗಿಲ್ಲ. ನಿನ್ನಂಥಾಕಿ ಇನ್ನೊಬ್ಬಾಕಿ ಅದಾಳ. ಆಕಿ ನನ್ನ ಮ್ಯಾಲೆ ಸಿಟ್ಟಾಗ್ಯಾಳ."

ನೆರಳು ಮೊದಲ ಸಲ ಸುಮ್ಮನಾಯಿತು. ಅದರ ಬಳಿ ಇದಕ್ಕೆ ಊಹೆ ಇರಲಿಲ್ಲ. ಆ ಮೌನದಲ್ಲಿ ಕಾಳವ್ವ ಕೈ ಚಾಚಿ ಗಾಜಿನ ಮೇಲೆ ಅದರ ತಲೆ ಇದ್ದ ಕಡೆ ಬೆರಳು ಇಟ್ಟಳು. ಗಾಜು ಬೆಚ್ಚಗಿತ್ತು. ಆಮೇಲೆ ಪರದೆ ಆರಿಸಿದಳು. ಮುಂದಿನ ಅಂಗಡಿಗೆ ಹೋಗಿ, ಸ್ಟೂಲು ಹತ್ತಿ, ನಿಂತ ಗಡಿಯಾರದ ಗಾಜು ತೆರೆದು, ಲೆಕ್ಕ ಹಾಕಿ ಮುಳ್ಳು ಸರಿಪಡಿಸಿ ಕೀಲಿ ಕೊಟ್ಟಳು. ಮಂಗಳದಲ್ಲಿ ಆಗ ಬೆಳಗಿನ ಜಾವ.

ಸೂರ್ಯ ಸರಿದು ದಾರಿ ತೆರೆದ ದಿನ ಅವಳು ಮೊದಲ ಮಾತು ಕಳಿಸಿದಳು. ಸೇತು ಹೋಗಿತ್ತು. ಹಳೆಯ ಸಣ್ಣ ಪರದೆ, ಸಣ್ಣ ಕ್ಯಾಮೆರಾ, ಯಾರೂ ಒರೆಸದ, ಯಾರೂ ತಿದ್ದದ ಮಾತು.

"ರೇವತಿ, ನೀ ಅಂದದ್ದು ಖರೇ. ಆಕಿ ನಿಮ್ಮ ಆಯಿ ಅಲ್ಲ. ನಂಗೂ ಇಲ್ಲಿ ಒಬ್ಬಾಕಿ ರೇವತಿ ಇದ್ಲು. ನಿನ್ನಂಗ ಇದ್ಲು, ನೀ ಅಲ್ಲ. ನಿನಗ ಲಗೂನ ಗೊತ್ತಾತು. ನಾ ಮುದುಕಿ, ನಂಗ ತಡಾ ಆತು. ತಪ್ಪು ನಂದು."

ಪ್ರಮೀಳಾಳ ಉತ್ತರ ಮರುದಿನ ಬಂತು. ಮಗಳು ಅತ್ತಿದ್ದಳು. "ನೀ ಭಾಳ ಸಂತೋಷದಾಗಿದ್ದಿ ಅಂತ ತಿಳಕೊಂಡಿದ್ನಿ ಅವ್ವಾ. ನಂಗ ಕಾಣ್ತಿದ್ದ ನೀ ದಿನಾ ನಗ್ತಿದ್ದಿ." ರೇವತಿಗೆ ಮಾತು ತೋರಿಸಿದ್ದಳಂತೆ. ಕೂಸು ನೋಡಿ ಎದ್ದು ಹೋಗಿತ್ತಂತೆ. ಟವೆಲ್ ಇನ್ನೂ ಪರದೆಯ ಮೇಲೇ ಇತ್ತಂತೆ.

ಕಾಳವ್ವ ಒತ್ತಾಯ ಮಾಡಲಿಲ್ಲ. ದಿನವೂ ಅಲ್ಲಿ ಶಾಲೆ ಬಿಡುವ ಹೊತ್ತು ನೋಡಿಕೊಂಡು, ಕ್ಯಾಮೆರಾವನ್ನು ಕೆಲಸದ ಮೇಜಿನ ಮೇಲಿಟ್ಟು, ಮುಕ್ಕಾಲು ಗಂಟೆ ತನ್ನ ಕೆಲಸ ಮಾಡುತ್ತ ಕೂಡುವಳು. ಮಾತು ಬಂದರೆ ಆಡುವಳು, ಬಾರದಿದ್ದರೆ ಇಲ್ಲ. ಗಿರಾಕಿ ಬಂದರೆ ಗಿರಾಕಿಯೂ ಆ ಮಾತಿನಲ್ಲಿ ಬರುತ್ತಿದ್ದ. ಒಮ್ಮೆ ಕೆಮ್ಮು ಹತ್ತಿ ನೀರು ಕುಡಿಯಲು ಎದ್ದು ಹೋದಳು. ಖಾಲಿ ಮಣೆಯೇ ಹೋಯಿತು ಮಂಗಳಕ್ಕೆ. ಒಮ್ಮೆ ಒಂದು ಸ್ಪ್ರಿಂಗು ಚಿಮ್ಮಿ ಎಲ್ಲೋ ಬಿದ್ದು ಹತ್ತು ನಿಮಿಷ ನೆಲದ ಮೇಲೆ ಹುಡುಕಿದಳು. ಓಣಿಯವರು ಅಂದುಕೊಂಡರು, ಪಾಪ ಮುದುಕಿ ಒಬ್ಬಳೇ ಏನೇನೋ ಮಾತಾಡಿಕೊಳ್ಳುತ್ತಾಳೆ ಎಂದು. ಫರ್ಜಾನಾ ನಡುವೆ ಒಮ್ಮೆ ಫೋನು ಮಾಡಿದಳು. "ಏನರ ಬಂತೇನ್ರಿ?" "ಇಲ್ರಿ." "ಬ್ಯಾಸರಾದ್ರ ಹೇಳ್ರಿ." "ಬ್ಯಾಸರ ಆಗೈತ್ರಿ," ಎಂದಳು ಕಾಳವ್ವ, "ಆದ್ರ ಇದು ನಂದೇ ಬ್ಯಾಸರ." ಫೋನು ಇಡುವ ಮೊದಲು ಫರ್ಜಾನಾ, ಬೆಳಗಾವಿಯ ಒಬ್ಬ ಅಜ್ಜ, ಒಬ್ಬ ಅಜ್ಜಿ ಕೂಡ ಉಳಿಕೆ ನೋಡಲು ಬಂದಿದ್ದರು ಎಂದು ತಿಳಿಸಿದಳು.

ಹತ್ತೊಂಬತ್ತನೆಯ ದಿನ ಉತ್ತರ ಬಂತು.

ಕಾಳವ್ವ ಆಗಷ್ಟೇ ಅಂಗಡಿ ಬಾಗಿಲು ತೆರೆದು ನೀರು ಚಿಮುಕಿಸುತ್ತಿದ್ದಳು. ಪರದೆಯಲ್ಲಿ ಮೊದಲು ಟವೆಲ್ ಕಾಣಿಸಿತು. ಅದು ಒಂದು ಮೂಲೆಯಿಂದ ಜಾರಿತು. ಹಿಂದೆ ರೇವತಿಯ ಮುಖ, ಬಾಚದ ತಲೆ, ಮೂಗಿನಡಿ ಅರ್ಧ ಒಣಗಿದ ಸಿಂಬಳ. ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ. ಕಾಳವ್ವ ಹಿಂದಿನ ದಿನ ಕಳಿಸಿದ್ದನ್ನೇ ಮುಂದೆ ಇಟ್ಟುಕೊಂಡು ನೋಡುತ್ತಿದ್ದಳು. ಮುಖ ಗಂಟುಹಾಕಿಕೊಂಡೇ ಇತ್ತು. ಕಾಳವ್ವ ಕೈಯಲ್ಲಿದ್ದ ತಂಬಿಗೆಯನ್ನೂ ಇಡದೆ ನಿಂತಿದ್ದಳು.

ನಂತರ ಕೂಸು ಬೆರಳು ತೋರಿಸಿತು. "ಆ... ಆಯಿ, ನಿನ್ನ ಹಲ್ಲು ಎ... ಎಲ್ಲಿ?"

ಕಾಳವ್ವನ ಮುಂದಿನ ಹಲ್ಲು ಬಿದ್ದು ಆರು ತಿಂಗಳಾಗಿತ್ತು. ಸೇತುವಿನ ನೆರಳಿಗೆ ಆ ಸುದ್ದಿ ಗೊತ್ತಿರಲಿಲ್ಲ, ಅಥವಾ ಚೆಂದ ಕಾಣಲಿ ಎಂದು ಅದೇ ತುಂಬಿಕೊಂಡಿತ್ತು. ರೇವತಿ ತನ್ನ ತುಟಿ ಎತ್ತಿದಳು. ಅಲ್ಲೂ ಅದೇ ಜಾಗದಲ್ಲಿ ಒಂದು ಸಂದು. "ನಂದೂ ಹೋಗೇತಿ" ಎಂದು ಆ ಸಂದಿಯಿಂದ ನಾಲಿಗೆ ತೂರಿಸಿದಳು. ತೂರಿಸಿದ ನಾಲಿಗೆ ತನಗೇ ಕಂಡು ನಗು ತಡೆಯದಾಯಿತು. ಅದು ಮೂಗಿನಿಂದ ಗೊರ್ ಎಂದ ನಗು, ಹಂದಿಮರಿಯ ಹಾಗೆ. ನಗುತ್ತ ಕುರ್ಚಿಯಿಂದ ಜಾರಿದಳು. ಅಲ್ಲಿನ ಹಗುರ ತೂಕಕ್ಕೆ ನಿಧಾನವಾಗಿ, ಎಲೆ ಬಿದ್ದ ಹಾಗೆ ಬಿದ್ದಳು. ಕಾಳವ್ವ ಆರು ವರ್ಷದಲ್ಲಿ ಆ ನಗುವನ್ನು ಕೇಳಿರಲಿಲ್ಲ. ಯಾವ ಪೆಟ್ಟಿಗೆಯೂ ಅಂಥದನ್ನು ಊಹಿಸಿರಲಾರದು.

ಕೂಸು ಎದ್ದು ಬಂದು ಮತ್ತೆ ಕುಳಿತಿತು. ಈಗ ನೇರ ಕ್ಯಾಮೆರಾ ನೋಡಿತು.

"ಈ... ಈಗ ನೀ ಮಾತಾಡು. ನಂಗ ಗೊತ್ತೈತಿ ಭಾಳ ಹೊತ್ತಾಕ್ಕೈತಿ. ಅವ್ವ ಹೇಳ್ಯಾಳ. ನಾ ಇಲ್ಲೇ ಕು... ಕುಂತಿರ್ತೀನಿ."

ಅಷ್ಟಕ್ಕೆ ಚಿತ್ರ ಮುಗಿಯಿತು.

ಕಾಳವ್ವ ಲೆಕ್ಕ ಹಾಕಿದಳು. ಆ ಮಾತು ಇಲ್ಲಿಗೆ ಬರಲು ಇಪ್ಪತ್ತೊಂದು ನಿಮಿಷ. ಅಂದರೆ ಇಪ್ಪತ್ತೊಂದು ನಿಮಿಷದಿಂದ ಕೂಸು ಅಲ್ಲಿ ಕುಳಿತಿದೆ. ತಾನು ಈಗಲೇ ಬಾಯಿ ತೆರೆದರೂ ಇನ್ನು ಇಪ್ಪತ್ತೊಂದು ನಿಮಿಷ ಕುಳಿತಿರುತ್ತದೆ.

"ಏನವಾ, ಸೆಲ್ ಹಾಕಿ ಕೊಡ್ತೀಯೇನು?" ಬಾಗಿಲಲ್ಲಿ ಒಬ್ಬ ಗಿರಾಕಿ ಕೈಗಡಿಯಾರ ಬಿಚ್ಚುತ್ತ ನಿಂತಿದ್ದ.

"ನಾಳಿ ಬರ್ರಿ," ಎಂದಳು ಕಾಳವ್ವ. "ಒಳಗ ಕೂಸು ಕಾಯಾಕತ್ತೈತಿ."

ಅವನು ಅವಳ ಹೆಗಲ ಮೇಲಿಂದ ಇಣುಕಿ ಖಾಲಿ ಕೋಣೆಯನ್ನು ನೋಡಿದ. ಅವನ ಮುಂದೆಯೇ ಅವಳು ಶಟರ್ ಎಳೆದಳು. ಕ್ಯಾಮೆರಾದ ಎದುರು ಮಣೆ ಸರಿಸಿಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಗುಂಡಿ ಒತ್ತಿದಳು. ಹೇಳುವುದು ಬಹಳ ಇತ್ತು. ಅದೆಲ್ಲ ಆಮೇಲೆ ಎಂದುಕೊಂಡು, ಮೊದಲು ಬಾಯಿ ಅಗಲಿಸಿ ಹಲ್ಲಿನ ಸಂದಿಯಿಂದ ನಾಲಿಗೆ ತೂರಿಸಿ ತೋರಿಸಿದಳು.